ಕೆಳಗಿನಿಂದ ಶುರು ಮಾಡು

ಕೆಳಗಿನಿಂದ ಶುರು ಮಾಡು, ಹಮ್ಮಣ್ಣ.
ಕೊನೆಯ ಹೆಸರು ಮೊದಲು.
ಟ್ರೇಯ ತುದಿಯ ತಂತಿಗೆ ಝುಬೈರನನ್ನು ಸಿಕ್ಕಿಸು,
ಅವನ ಮೇಲೆ ಝಕರಿಯಾ,
ಆಮೇಲೆ ಯೂಸುಫ್, ಯೋಹನ್ನಾನ್, ಯಲ್ಲಪ್ಪ.
ಒಬ್ಬನ ಮೈಯನ್ನು ಇನ್ನೊಬ್ಬ ಮುಚ್ಚಬೇಕು,
ಹೆಸರಿನ ಅಂಚಷ್ಟೇ ಹೊರಗೆ,
ಕಾಲು ಇಂಚು.

ನಮ್ಮಪ್ಪ ಹೊನ್ನಾವರದಲ್ಲಿ ಹೆಂಚು ಹೊದಿಸುತ್ತಿದ್ದ.
ಮಾಡಿನ ಅಂಚಿಂದ ಹತ್ತುತ್ತ ಹೋಗಬೇಕು ಮಗಾ,
ಮೇಲಿಂದ ಇಳಿದವನ ಮನೆ ಸೋರುತ್ತದೆ ಅನ್ನುತ್ತಿದ್ದ.
ನಾನು ಏಣಿ ಹಿಡಿದು ನಿಲ್ಲುತ್ತಿದ್ದೆ,
ಎತ್ತರ ಅಂದರೆ ನನಗೆ ತಲೆಸುತ್ತು.
ಅದಕ್ಕೇ ನೋಡು, ಶುವೈಖಿನ ಈ ಹಡಗು ರಿಪೇರಿ ಯಾರ್ಡಿನಲ್ಲಿ
ಉಳಿದವರು ಪಟಸ್ತಂಭ ಹತ್ತಿದರೆ
ನಾನು ಈ ಬೀರುವಿನ ಮುಂದೆ ಸ್ಟೂಲು ಹಾಕಿ ಕೂತೆ.
ಇಪ್ಪತ್ತೆರಡು ಟ್ರೇ, ಹದಿನಾಲ್ಕು ನೂರು ಜನ.
ಮಳೆಯಿಲ್ಲದ ಊರಲ್ಲಿ
ಹನ್ನೊಂದು ವರ್ಷದಿಂದ ಮಾಡು ಹೊದಿಸುತ್ತಿದ್ದೇನೆ.

ಧೂಳಿನ ಗಾಳಿ ಎದ್ದ ದಿನ
ಕಿಟಕಿಯ ಸಂದಿಗೆ ಒದ್ದೆ ಟವೆಲು ತುರುಕು.
ಆದರೂ ಒಳಗೆ ಬರುತ್ತದೆ, ಗೋಧಿಹಿಟ್ಟಿನಷ್ಟು ನುಣುಪು.
ಮರುದಿನ ಶೇವಿಂಗ್ ಬ್ರಶ್ಶಿನಿಂದ ಒಂದೊಂದೇ ಹೆಸರು ಒರೆಸು.
ಬ್ರಶ್ಶು ನನ್ನದೇ, ಇಟ್ಟುಕೋ.

ಬಣ್ಣದ ಗುರುತು ಈ ಡಬ್ಬಿಯಲ್ಲಿ, ಉಗುರಿನಷ್ಟು ಪ್ಲಾಸ್ಟಿಕ್ಕು.
ಹಸಿರು, ರಜೆಗೆ ಹೋದವ.
ಹಳದಿ, ಆಸ್ಪತ್ರೆ.
ಕೆಂಪು, ಇಕಾಮಾ ಮುಗಿಯಲು ತಿಂಗಳಿದೆ.
ಕೆಂಪು ಸಿಕ್ಕಿಸುವಾಗ ತಾರೀಖು ಎರಡು ಸಲ ನೋಡು.
ನಾನೊಮ್ಮೆ ತಪ್ಪು ಅಂಚಿಗೆ ಸಿಕ್ಕಿಸಿ
ಒಬ್ಬ ತಮಿಳನ ಪೆಟ್ಟಿಗೆ ಕಟ್ಟಿಸಿಬಿಟ್ಟಿದ್ದೆ.
ಅವನು ಈಗಲೂ ಮೆಸ್ಸಿನಲ್ಲಿ ಕಂಡರೆ ನಗುತ್ತಾನೆ.
ನನಗೆ ನಗು ಬರುವುದಿಲ್ಲ.

ಒಮ್ಮೆ ಮರಳು ಹೊಡೆಯುವ ಗುಲ್ ಜಮಾನ್ ಬಂದ,
ರೆಪ್ಪೆಯ ಮೇಲೂ ತುಕ್ಕಿನ ಪುಡಿ.
ನನ್ನದು ತೋರಿಸು ಅಂದ. ಓದು ಬಾರದು, ನೋಡಬೇಕಿತ್ತು.
ಬೆರಳು ಅಂಚಿನ ಮೇಲಿಟ್ಟ,
ದಪ್ಪ ಬೆರಳು, ಹೆಸರು ಮುಚ್ಚಿಹೋಯಿತು.
ಇಷ್ಟೇನಾ?
ಮೇಲಿನವನನ್ನು ಎತ್ತಿ ಹಿಡಿದು ಒಳಗಿನದ್ದೆಲ್ಲ ಓದಿದೆ:
ತಂದೆ, ಊರು, ಬೂಟಿನ ಅಳತೆ, ರಕ್ತದ ಗುಂಪು,
ಎಡಹುಬ್ಬಿನ ಮೇಲೆ ಗಾಯದ ಕಲೆ.
ಹುಬ್ಬು ಮುಟ್ಟಿ ನೋಡಿಕೊಂಡ.
ಸರಿಯಿದೆ ಅಂದ. ಹೋದ.

ಈಗ ಒಂಬತ್ತನೇ ಟ್ರೇ ಎಳೆ.
ನಡುವೆ ಒಂದು ಬಿಳಿ ಕಾರ್ಡು, ಏನೂ ಬರೆದಿಲ್ಲ.
ಅದನ್ನು ತೆಗೆಯಬೇಡ.
ಅಲ್ಲಿ ಗಂಗೊಳ್ಳಿಯ ಮಂಜ ಖಾರ್ವಿ ಇದ್ದ,
ಮೂರನೇ ದಕ್ಕೆಯಲ್ಲಿ ಹಲಗೆ ಜಾರಿದ ದಿನದವರೆಗೆ.
ಕಾರ್ಡು ತೆಗೆದು ಲಕೋಟೆಗೆ ಹಾಕು ಅಂದರು, ಹಾಕಿದೆ.
ಖಾಲಿ ಪಾಕೀಟಿನೊಳಗಿಂದ ಕಂದು ತಗಡು ಕಂಡಿತು.
ಊಟ ಮುಗಿಸಿ ಬಂದಾಗಲೂ ಅದೇ ಕಂಡಿತು.
ಕೆಳಗಿನವರನ್ನೆಲ್ಲ ಒಂದೊಂದು ಮನೆ ಮೇಲೆ ಸರಿಸಿದ್ದರೆ
ಕಾಲು ಗಂಟೆಯ ಕೆಲಸ.
ಆಗಲಿಲ್ಲ.
ಒಡೆದ ಹೆಂಚು ಬದಲಿಸುವಾಗ ಅಪ್ಪ
ಸಾಲು ಕದಲಿಸುತ್ತಿರಲಿಲ್ಲ,
ಮೇಲಿನದನ್ನು ತುಸು ಎತ್ತಿ
ಇನ್ನೊಂದನ್ನು ಮೆಲ್ಲಗೆ ತೂರಿಸುತ್ತಿದ್ದ.

ಆಡಿಟ್ಟಿಗೆ ಬಂದ ಈಜಿಪ್ಟಿನ ಸಾಹೇಬ
ಪೆನ್ಸಿಲ್ ಊರಿ ಕೇಳಿದ, ಈ ಬಿಳಿಯವನು ಯಾರು?
ಹೊಸಬ ಬರುವವನಿದ್ದಾನೆ, ಜಾಗ ಹಿಡಿದಿದ್ದೇನೆ ಅಂದೆ.
ಕನ್ನಡಕದ ಮೇಲಿಂದ ಒಮ್ಮೆ ನನ್ನನ್ನು ನೋಡಿ
ಲೆಕ್ಕದಲ್ಲಿ ಒಂದು ತಲೆ ಹೆಚ್ಚು ಬರೆದುಕೊಂಡ.
ಆ ಚಳಿಗಾಲ ಕ್ಯಾಂಪಿಗೆ
ಒಂದು ಕಂಬಳಿ ಹೆಚ್ಚು ಬಂತು.

ನೀನು ಹೊದೆಯುತ್ತಿರುವುದು ಅದನ್ನೇ, ಹಮ್ಮಣ್ಣ.

ಸರಿ, ಟ್ರೇ ಒಳಗೆ ನೂಕು.
ಮೆಲ್ಲಗೆ. ಈ ಒಂಬತ್ತನೆಯದು
ಅರ್ಧಕ್ಕೆ ಬಂದು ಕಚ್ಚಿಕೊಳ್ಳುತ್ತದೆ.