ತಲೆಗೆ ಐದು ಕೆಜಿ

ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ನಿಂತ ತಿಂಗಳು
ಹೆಬ್ಬೆಟ್ಟಿನ ಮಿಷನ್ನಿಗೂ ರಜೆ ಕೊಟ್ಟರು.
ಮುಟ್ಟಬಾರದು, ಯಾರೂ ಯಾರನ್ನೂ.
'ಹೆಚ್ಚುವರಿ ಬಂದೈತೆ, ತಲೆಗೆ ಐದು ಕೆಜಿ, ಬಿಟ್ಟಿ,
ಫೋನಿಗೊಂದು ನಂಬರು ಬರ್ತದೆ, ಹೇಳ್ರಿ ಸಾಕು'
ಅಂದರು ಸೊಸೈಟಿ ಮರುಳಸಿದ್ದಪ್ಪ, ಬಾಯಿಗೆ ಟವೆಲು ಸುತ್ತಿ.

ನಂಬರು ಬಂತು.
ನನ್ನ ಫೋನಿಗಲ್ಲ.

ಕಾರ್ಡು ಮಾಡಿಸಿದಾಗ ಮನೆಗೆಲ್ಲ ಒಂದೇ ಫೋನು,
ಅದು ಓಂಕಾರಿಯ ಜೇಬಿನಲ್ಲಿ.
ಆ ಜೇಬು ಮನೆ ಬಿಟ್ಟು ಮೂರು ವರ್ಷ,
ಕಡೂರಿನಾಚೆ ಹೈವೇ ಪಕ್ಕದ ಢಾಬಾಕ್ಕೆ, ಒಲೆ ಕೆಲಸಕ್ಕೆ,
ಆಮೇಲೆ ಅಲ್ಲೇ ಇನ್ನೊಬ್ಬಳ ಮನೆಗೆ.
ಕಾರ್ಡಿನಿಂದ ಮಾತ್ರ ಹೋಗಿರಲಿಲ್ಲ:
ಓಂಕಾರಪ್ಪ, ಅವನ ತಾಯಿ ಕೆಂಚಮ್ಮ, ನಾನು, ಮಗಳು ತೀರ್ಥ.
ಸರ್ಕಾರದ ಲೆಕ್ಕಕ್ಕೆ ನಾವಿನ್ನೂ
ಒಂದೇ ಒಲೆ, ನಾಲ್ಕು ತಲೆ.

ಸುಣ್ಣದ ವೃತ್ತದೊಳಗೆ ನಿಂತು ಫೋನು ಹಚ್ಚಿದೆ.
ಹಿಂದಿನ ವೃತ್ತದಲ್ಲಿ ಯಾರದೋ ಚಪ್ಪಲಿ,
ಅದರ ಹಿಂದಿನದರಲ್ಲಿ ಖಾಲಿ ಚೀಲ, ಮೇಲೊಂದು ಕಲ್ಲು,
ಮನುಷ್ಯರೆಲ್ಲ ಹೊಂಗೆ ಮರದ ನೆರಳಿನಲ್ಲಿ.
ಮೂರು ವರ್ಷ ಕೂಡಿಟ್ಟ ಬೈಗುಳ ಗಂಟಲಿಗೆ ಬಂದಿತ್ತು.
'ಓಟಿಪಿ ಹೇಳು' ಅಂದೆ.
ಹೇಳಿದ. ನಾಲ್ಕು, ಸೊನ್ನೆ, ಏಳು, ಏಳು,
ಎರಡು, ಒಂಬತ್ತು.
ಎರಡನೇ ಏಳನ್ನು ಒತ್ತಿ ಹೇಳಿದ.
ನಾನೊಂದು ನುಂಗಿಕೊಳ್ಳುತ್ತೇನೆ ಅಂತ ಗೊತ್ತು ಅವನಿಗೆ.

ಮನೆಗೆ ಬಂದರೆ ಕೆಂಚಮ್ಮ, 'ಏನಂದ?'
'ನಾಲ್ಕು ಸೊನ್ನೆ ಏಳು ಏಳು ಎರಡು ಒಂಬತ್ತು.'
'ಅಷ್ಟೇನಾ?'
ಅಷ್ಟೇ.
'ಬರೀ ಅನ್ನ ಹೊಟ್ಟೇಲಿ ನಿಲ್ಲಲ್ಲ, ರಾಗಿ ಕೊಡಬಾರ್ದಾ'
ಅಂತ ಗೊಣಗುತ್ತ ಮೊರ ಎಳೆದುಕೊಂಡಳು.
ಹೋಟೆಲಿನ ತಟ್ಟೆ ತೊಳೆಯುವ ಕೆಲಸ ನಿಂತು
ಬೆರಳ ಸಂದಿಯ ಹುಣ್ಣು ಮಾಯುತ್ತಿತ್ತು ನನಗೆ.
ಅವನ ತಲೆಯ ಅಕ್ಕಿಯನ್ನೂ ನಾವೇ ಉಂಡೆವು.
ಬೇರೆ ರುಚಿಯೇನೂ ಇರಲಿಲ್ಲ.

ಮೂರನೇ ತಿಂಗಳು ಫೋನೆತ್ತಿದ್ದು ಅವಳು.
'ಬರ್ಕೊಳ್ಳಿ ಅಕ್ಕಾ' ಅಂದಳು. ಅಕ್ಕಾ!
ಒಂದೊಂದೇ ಅಂಕಿ, ಶಾಲೆ ಹುಡುಗಿಯ ಹಾಗೆ.
ಮುಗಿದ ಮೇಲೂ ಇಡಲಿಲ್ಲ.
'ಢಾಬಾ ಬಾಗಿಲು ಹಾಕಿದ್ದು ಹಾಕ್ದಂಗೇ ಐತೆ.
ನಂದು ಕಾರ್ಡಿಲ್ಲ ಅಕ್ಕಾ.'
ಆಗಲೇ ಯಾರೋ ಕೆಮ್ಮಿದರು,
ಇಡೀ ಸಾಲು ಒಂದು ವೃತ್ತ ಹಿಂದೆ ಸರಿಯಿತು.
ನಾನೇನೂ ಅನ್ನಲಿಲ್ಲ.

ಆ ರಾತ್ರಿ ಅಳೆದೆ. ಐದು ಕೆಜಿ, ಒಂದು ತಲೆಯದು,
ಹಿಡಿ ಹೆಚ್ಚಿಲ್ಲ, ಹಿಡಿ ಕಮ್ಮಿಯಿಲ್ಲ.
ನುಸಿ ಕೇರಲಿಲ್ಲ, ಕಲ್ಲು ಆರಿಸಲಿಲ್ಲ,
ಅಷ್ಟು ದೊಡ್ಡವಳಲ್ಲ ನಾನು.
ಹಾಲಿನ ವ್ಯಾನಿನ ಇರ್ಫಾನ್ ಕೈಗೆ ಕೊಟ್ಟು,
'ನಾನು ಕೊಟ್ಟೆ ಅನ್ನಬೇಡ, ಕಾರ್ಡಿಂದು ಅನ್ನು' ಅಂದೆ.
ಕೆಂಚಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು,
ನಿದ್ದೆ ಮಾಡುವವರು ಅಷ್ಟು ಸದ್ದಿಲ್ಲದೆ ಇರುವುದಿಲ್ಲ.

ಎಂಟು ದಿನಕ್ಕೆ ಚೀಲ ವಾಪಸು ಬಂತು,
ಒಗೆದು, ಮಡಚಿ. ಒಳಗೆ ಮೂರು ಈರುಳ್ಳಿ, ಮಣ್ಣು ಮೆತ್ತಿಕೊಂಡವು.
'ಬರಿದು ಕಳಿಸಿಲ್ಲ' ಅಂದಳು ಕೆಂಚಮ್ಮ,
ಯಾರಿಗೆ ಅಂದಳೋ.
ನಾನು ಹೆಚ್ಚಿದೆ. ಕಣ್ಣು ಉರಿಯಿತು, ಈರುಳ್ಳಿಯಲ್ಲವೇ.

ಆಮೇಲೆ ರೈಲು ಬಂತು, ಹೋಟೆಲು ತೆರೆಯಿತು,
ಹೆಚ್ಚುವರಿ ನಿಂತಿದೆ ಅಂತ ಸೊಸೈಟಿ ಬಾಗಿಲಿಗೆ ಚೀಟಿ ಅಂಟಿಸಿದರು.
ಮಿಷನ್ನು ಮರಳಿತು, ಮೂರನೇ ಸಲಕ್ಕೆ ನನ್ನ ಹೆಬ್ಬೆಟ್ಟು ಹಿಡಿಯಿತು.
'ಆ ಹೆಸರು ತೆಗೆಸಿಬಿಡಮ್ಮ, ಒಂದು ಅರ್ಜಿ ಕೊಡು'
ಅಂದರು ಮರುಳಸಿದ್ದಪ್ಪ.
'ಕೊಡ್ತೀನಿ' ಅಂದೆ. ಅರ್ಜಿ ಇನ್ನೂ ಬರೆದಿಲ್ಲ.

ರೇಷನ್ನಿನ ದಿನ ಬಂತೆಂದರೆ ಕೆಂಚಮ್ಮ ಹೊಸಿಲಲ್ಲಿ ಕೂತು
'ನಂಬರು ಬಂತೇನೇ?' ಅನ್ನುತ್ತಾಳೆ.
ಈಗ ಹೆಬ್ಬೆಟ್ಟು ಸಾಕು ಅತ್ತೆ, ಅಂದರೆ
ಕಿವಿ ಕೇಳದವಳ ಹಾಗೆ ಮೊರಕ್ಕೆ ಬಗ್ಗಿ ಕಲ್ಲು ಆರಿಸುತ್ತಾಳೆ,
ನಾಲ್ಕು, ಸೊನ್ನೆ, ಏಳು,
ಏಳು.