ಏಳನೇ ಅಚ್ಚು

ರುಫಿಸ್ಕಿನ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ನನ್ನದು ಏಳನೇ ಅಚ್ಚು.
ಬಿಸಿ ಕೊಳವೆ ಮೇಲಿನಿಂದ
ದಣಿದ ಎತ್ತಿನ ನಾಲಗೆಯಂತೆ ಜೋತು ಬೀಳುತ್ತದೆ,
ಅಚ್ಚು ಗಬಕ್ಕನೆ ತಬ್ಬುತ್ತದೆ,
ಒಂದುಸಿರು ಗಾಳಿ,
ಗಿಂಡಿ.
ಹಸಿರು ಪಟ್ಟೆ, ಹಳದಿ ಪಟ್ಟೆ. ಅಂಚು ಹೆರೆಯಲು ನನ್ನ ಚಾಕು.
ಪಾಳಿಗೆ ಒಂಬೈನೂರು.

ಅಚ್ಚಿಗೊಂದು ಊನ:
ಸೊಂಡಿಲ ಬುಡದಲ್ಲಿ ಶೇಂಗಾಬೀಜದಷ್ಟು ಗಂಟು.
‘ಸೋರುತ್ತದೇನು? ಇಲ್ಲವಲ್ಲ, ಬಿಡು’ ಅಂದ ಮೇಸ್ತ್ರಿ ಬಿರಾಮ.

ಹಾಗಾಗಿ ಎಲ್ಲಿ ಕಂಡರೂ ಗುರುತು ಹತ್ತುತ್ತದೆ.
ಮಸೀದಿಯ ಮೆಟ್ಟಿಲಲ್ಲಿ
ವಜೂಗೆ ಕೂತ ಮುದುಕನ ಮಗ್ಗುಲಲ್ಲಿ;
ಲಾರಿಯಡಿ ತೂಗುತ್ತ,
ರೇಡಿಯೇಟರಿಗೂ ಡ್ರೈವರನ ಬೆನ್ನಿಗೂ ಅದೊಂದೇ;
ಯಾಂದೆಯ ಮೀನುಬುಟ್ಟಿಯ ಮೇಲೆ ಚಿಮುಕುತ್ತ;
ಹೊಟ್ಟೆ ಹಿಡಿದು ಸಂಡಾಸಿಗೆ ಓಡುವ ಹುಡುಗನ ಕೈಯಲ್ಲಿ
(ಆಗ ನಗು ತಡೆಯುವುದೇ ಕಷ್ಟ).
ಒಮ್ಮೆ ಕಡಲ ದಂಡೆಯಲ್ಲಿ, ತಳ ಹೋದದ್ದು,
ಒಳಗೊಂದು ಏಡಿ.
ನಾಚಿಕೆಯಾಗಿ ಮರಳು ಮುಚ್ಚಿದೆ.
ಅಲೆ ಬಂದು ಮತ್ತೆ ತೆಗೆದಿಟ್ಟಿತು.

ಮೊನ್ನೆ ಅತ್ತೆ ದಿಬೋರ್ ತೀರಿಕೊಂಡಳು.
ಮೈ ತೊಳೆಯಲು ಹೆಂಗಸರು ನನ್ನನ್ನೂ ಕರೆದರು.
ಕರೆಂಟು ಹೋಗಿತ್ತು.
ಯಾರೋ ಕೈಗೆ ಗಿಂಡಿ ಕೊಟ್ಟರು.
ನೋಡಲಿಲ್ಲ ನಾನು. ಹೆಬ್ಬೆರಳಿಗೆ ತಾಗಿತು
ಗಂಟು.
ಇಪ್ಪತ್ತು ವರ್ಷ ನನಗೆ ತಲೆ ಬಾಚಿದವಳ ಕೂದಲ ಮೇಲೆ
ನೀರು ಸಣ್ಣಗೆ, ಸುಮ್ಮನೆ, ಇಳಿಯಿತು.
ಸೋರಲಿಲ್ಲ, ಬಿರಾಮ ಹೇಳಿದ್ದು ನಿಜ.

ಸೋಮವಾರ ಅವನೇ ಬಂದು ಅಂದ:
ಹೊಸ ಅಚ್ಚು ಬರುತ್ತಿದೆ, ಗಾಜಿನಂಥ ನುಣುಪು.
ಹೌದಾ ಅಂದೆ.
ಸಂಜೆ ಗೇಟಿನ ಅಂಗಡಿಯಲ್ಲಿ
ರಾಶಿಯೆಲ್ಲ ತಡವಿ ತಡವಿ
ದುಡ್ಡು ಕೊಟ್ಟು ಒಂದನ್ನು ತಂದೆ.