ಸಂಜೆಯ ಮಟ್ಟ

ಹೊಳೆ ಕೆಂಪಿಗೆ ಬಂದರೆ ಅಪಾಯ,
ಇದು ಭಾವನ ಲೆಕ್ಕ.
ಬೇತ್ರಿ ಸೇತುವೆಯ ಎರಡನೇ ಕಂಬದಲ್ಲಿ
ಬಿಳಿ, ಹಳದಿ, ಆಮೇಲೆ ಕೆಂಪು ಪಟ್ಟಿ;
ಪ್ರತಿ ಏಪ್ರಿಲ್, ನೀರು ಮೊಣಕಾಲಿಗಿಳಿದಾಗ
ಹಗ್ಗಕ್ಕೆ ಜೋತು ಅವನೇ ಬಳಿಯುತ್ತಿದ್ದ.

ಫಿಲ್ಮಿನಲ್ಲಿ ಎಲ್ಲ ತಿರುಗುಮುರುಗು.
ಕೆಂಪಿದ್ದಲ್ಲಿ ಕ್ಷೇಮ ಎಂದರು ಮೈಸೂರಿನ ಡಾಕ್ಟರು,
ಅಲ್ಲಿ ನೆತ್ತರು ಧಾರಾಳ.
ನೀಲಿಯಿದ್ದಲ್ಲಿ ಬತ್ತಿದೆ.
ಬೆಳ್ಯಪ್ಪ, ನಿವೃತ್ತ ಗೇಜು ರೀಡರ್, ಅರವತ್ತನಾಲ್ಕು,
ತನ್ನದೇ ತಲೆಯ ಹದಿನಾರು ಹೋಳುಗಳನ್ನು
ಜೀಪಿನ ಗಾಜಿಗೊತ್ತಿ ಹಿಡಿದು ನೋಡಿ
‘ಇದಕ್ಕೆ ಬಣ್ಣ ಹಾಕಿದವನಿಗೆ ಹೊಳೆ ಗೊತ್ತಿಲ್ಲ’ ಎಂದ.

ನಾನು ಜೀಪಿನವನು, ಬಾಡಿಗೆ ಓಡಿಸುವವನು.
ಅಕ್ಕ ಹಿಂದೆ ಕೂತಿದ್ದಳು, ಬುತ್ತಿಡಬ್ಬಿ ಮಡಿಲಲ್ಲಿ.
ಬೆಳಿಗ್ಗೆ ಕತ್ತಲ ಕೋಣೆಯಲ್ಲಿ ಅವನನ್ನು ಮಲಗಿಸಿ
ಮಾತಾಡಬೇಡಿ, ಏನನ್ನೂ ನೆನೆಯಬೇಡಿ ಎಂದು
ಸೀಸದ ಡಬ್ಬಿಯಿಂದ ತೆಗೆದ ಸಿರಿಂಜು ಚುಚ್ಚಿದ್ದರು.
ಮದ್ದು ನೆತ್ತರಿನ ಜೊತೆ ತಲೆಗೇರಿ
ಹರಿದಲ್ಲೆಲ್ಲ ಅಂಟಿ ಕೂರುತ್ತದಂತೆ,
ನೆರೆ ಇಳಿದ ಮೇಲೂ ಗೋಡೆಯಲ್ಲಿ
ಕೆಸರಿನ ಗೆರೆ ಉಳಿಯುತ್ತದಲ್ಲ, ಹಾಗೆ.
ಕ್ಯಾಮೆರಾ ತಲೆಯ ಸುತ್ತ ನಿಧಾನ ಸುತ್ತುತ್ತ
ಆ ಗೆರೆಯನ್ನು ಓದುತ್ತದೆ.
‘ಆರು ಗಂಟೆಗೆ ಅರ್ಧ ಹೋಗುತ್ತೆ,
ಇವತ್ತೊಂದು ದಿನ ಮಗುವನ್ನು ಎತ್ತಿಕೊಳ್ಳಬೇಡಿ’
ಎಂದಳು ಅಲ್ಲಿನ ಹುಡುಗಿ.
ಆಯಿತು ಎಂದಳು ಅಕ್ಕ. ಮನೆಯಲ್ಲಿ ಮಗು ಇಲ್ಲ.

ತಿತಿಮತಿ ಕಾಡಿನಲ್ಲಿ ಆನೆ ದಾಟುವವರೆಗೆ
ಇಂಜಿನ್ ಆರಿಸಿ ಕಾದೆವು.
ಪಕ್ಕದ ಸೀಟಿನಲ್ಲಿ, ಭಾವನ ತಲೆಯೊಳಗೆ
ಉಳಿದರ್ಧ ಇನ್ನೂ ಮಿಣುಕುತ್ತಿರಬಹುದು,
ಯಾರ ಕಣ್ಣಿಗೂ ಬೀಳದ ಬೆಳಕು, ಎಂದುಕೊಂಡೆ.
ಆನೆ ಮೂರು. ಅವನು ಐದು ಎಂದ.
ಐದೇ ಇರಬಹುದು, ಎಂದಳು ಅಕ್ಕ.

ಹುತ್ತರಿ ಮುಗಿದ ವಾರ ಶುರುವಾದದ್ದು.
ಸಂಜೆ ಆರಕ್ಕೆ ನಡುಮನೆಗೆ ನೀರು ಬರುತ್ತದೆ.
ಅವನಿಗೆ ಮಾತ್ರ.
ಸದ್ದಿಲ್ಲದ ನೀರು ಹೊಸ್ತಿಲು ದಾಟಿ,
ಬೀರುವಿನ ಕಾಲಿಗೆ, ಹೊಲಿಗೆ ಮಿಷನ್ನಿನ ಪೆಡಲಿಗೆ.
ಒಮ್ಮೊಮ್ಮೆ ಅದರ ಅಂಚಿನಲ್ಲಿ
ಇಬ್ಬರು ಹುಡುಗರು, ಒದ್ದೆ ಅಂಗಿ, ಮಾತಿಲ್ಲ.
ಅವನಿಗೆ ಹೆದರಿಕೆಯಿಲ್ಲ. ಮಟ್ಟ ಹೇಳುತ್ತಾನೆ:
‘ಒಂದು ಪಾಯಿಂಟ್ ಎರಡು. ಏರ್ತಾ ಉಂಟು.’

ಡಾಕ್ಟರು ಪೆನ್ನಿನ ತುದಿ ಇಟ್ಟದ್ದು
ತಲೆಯ ಹಿಂಬದಿಯ ನೀಲಿಗೆ.
ನೋಡುವುದು ಕಣ್ಣಲ್ಲ, ಈ ಜಾಗ.
ಇಲ್ಲಿಗೆ ನೆತ್ತರು ಸಾಲದು, ಅದಕ್ಕೇ
ಇಲ್ಲದ್ದು ಕಾಣುತ್ತಿದೆ, ಎಂದರು.
ಅಷ್ಟೇ. ಹೊರಗೆ ಇನ್ನೂ ಹನ್ನೊಂದು ಜನ ಕಾಯುತ್ತಿದ್ದರು.
ಹುಣಸೂರಿನಿಂದ ವಿರಾಜಪೇಟೆಯವರೆಗೆ
ಅದನ್ನೇ ತಿರುವಿ ತಿರುವಿ ಓಡಿಸಿದೆ:
ಬತ್ತಿದ ಕಡೆಯೇ ನೆರೆ.
ಇದೆಂಥ ಹೊಳೆ?

ಬೇತ್ರಿಯಲ್ಲಿ ನಿಲ್ಲಿಸು ಎಂದ.
ಮಾರ್ಚ್ ತಿಂಗಳು. ಕೆಳಗೆ ಕಾವೇರಿ
ಬಂಡೆ ಬಂಡೆಯನ್ನು ಸವರಿಕೊಂಡು ಹೋಗುತ್ತಿದ್ದಳು.
ಕಂಬದ ಪಟ್ಟಿ ಮಾಸಿದೆ; ಈಗ ಅಲ್ಲೊಂದು ಯಂತ್ರ,
ಅಂಗೈಯಗಲ ಸೋಲಾರು, ಮನುಷ್ಯ ಬೇಕಿಲ್ಲ.
ಟಾರ್ಚು ಬಿಟ್ಟು ಬಹಳ ಹೊತ್ತು ನಿಂತ.
‘ಸೊನ್ನೆ ಪಾಯಿಂಟ್ ಆರು.’
ನಾನು ಕಂಬಿಗೆ ಹೊಟ್ಟೆಯೂರಿ ಬಗ್ಗಿ ನೋಡಿದೆ.
ಆರೇ.

ಮನೆಯಲ್ಲಿ ಅಕ್ಕ ಲೈಟು ಹಾಕಿದಳು.
ಅವನು ಹೊಸ್ತಿಲಲ್ಲೇ ನಿಂತ, ಒಳಗೆ ನೋಡುತ್ತ.
ನೀರಿಲ್ಲ ಎಂದು ಅವಳು ಹೇಳಲಿಲ್ಲ.
ಹಳೆಯ ರಿಜಿಸ್ಟರಿನ ಖಾಲಿ ಹಾಳೆ ಬಿಡಿಸಿ
ತಾರೀಕು ಬರೆದು, ಹೊತ್ತು ಬರೆದು
‘ಹೇಳಿ’ ಎಂದಳು.
ನಾನು ಪ್ಯಾಂಟು ಮೊಣಕಾಲಿಗೆ ಮಡಚಿ,
ಚಪ್ಪಲಿ ಕೈಯಲ್ಲಿ ಹಿಡಿದು
ಒಳಗೆ ಹೋದೆ.